ಕೇಳುವ ಕಿವಿ



ನಾದವನ್ನು ಯಥಾವತ್ತಾಗಿ ಕೇಳಬೇಕೆಂಬ ಆಸೆಯಿಂದ ಬೆಲೆಬಾಳುವ ಯಂತ್ರಗಳನ್ನು ಕೊಳ್ಳುವವರು ಈಗ ನಮ್ಮ ಸೀಮೆಯಲ್ಲಿಯೂ ಇದ್ದಾರೆ. ಅವರಿಗೆ ಆಡಿಯೋಫೈಲ್ ಎಂದು ಹೆಸರಂತೆ. ನಾವು ಶ್ರವಣರಸಿಕರೆನ್ನೋಣ. ಅಂಥ ತರುಣ ಭಕ್ತರೊಬ್ಬರು, "ಬುದ್ಧಿ, ಎರಡು ಲಕ್ಷ ರೂಪಾಯಿನ ಸ್ಪೀಕರ್ ತಂದೆ, ಆದರೂ ತೃಪ್ತಿಯಿಲ್ಲ. ಇನ್ನೇನು ತರಲಿ?" ಎಂದರು. "ತಂಬೂರಿಯ ಪಕ್ಕ ಎಂದಾದರೂ ಕೂತಿದ್ದೀಯೇನಪ್ಪ?" ಎಂದು ಕೇಳಿದೆವು. ಕೂತಿರಲಿಲ್ಲ.

ಕೇಳಿದ್ದಕ್ಕೆ ಕಾರಣವಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ತಾವೆಲ್ಲ ಬಲ್ಲಿರಿ. ಕಾವೇರಿ ತೀರದ ಆ ಊರು ಸಂಗೀತಗ್ರಾಮವೆಂದೇ ಪ್ರಸಿದ್ಧ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಒಂದು ಧ್ಯಾನಮಂದಿರವೆದ್ದಿದೆ. ತಂಬೂರಿಗಿರುವುದು 4 ತಂತಿ. ಒಂದು ಪಂಚಮಕ್ಕೆ, ಉಳಿದ ಮೂರು ಷಡ್ಜಕ್ಕೆ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೆ ಶ್ರುತಿ ಸರಿಗೂಡಿ, ಕುದುರೆಯ ಮೇಲೆ ನೂಲಿನೆಳೆ ತನ್ನ ಜಾಗದಲ್ಲಿ ಕೂತಾಗ, ಅಂತರಗಾಂಧಾರ ತಾನಾಗಿ ಕೇಳಿಬರುತ್ತದೆ! ತಂತಿಯು ಇಡಿಯಾಗಿ ಕಂಪಿಸುವುದರೊಡನೆ ಐದು ಭಾಗಗಳಾಗಿಯೂ ಕಂಪಿಸುವುದರಿಂದ ಹುಟ್ಟುವ ಸ್ವರವದು. ಹಿರಿಯರು ಸ್ವಯಂಭೂ ಎಂದರು. ಇದನ್ನು ಹತ್ತಿರದಿಂದ ಒಮ್ಮೆಯಾದರೂ ಕೇಳಿದವನಿಗೆ ಯಂತ್ರ ಅದನ್ನು ಉಳಿಸಿತೋ ಕಳೆಯಿತೋ ತಿಳಿಯುತ್ತದೆ. ಮೂಲವನ್ನರಿಯದವನು ಪ್ರತಿಯನ್ನು ಯಾವುದರೊಡನೆ ತಾಳೆ ನೋಡಬೇಕು? ಅಂಗಡಿಯವನ ಮಾತಿನೊಡನೆ, ಅಷ್ಟೆ.

ಅದೇ ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದೀರ್ಘಕಾಲವಿದ್ದು, ರೇಡಿಯೋ ಮೂಲಕ ಸಂಗೀತಪಾಠ ಹೇಳಿದವರು. ಅದನ್ನು ಕೇಳಿದವರ ಮನೆಯಲ್ಲಿ ಇದ್ದದ್ದು ಗರಗರ ಸದ್ದಿನ ಒಂದು ಪೆಟ್ಟಿಗೆ. ಗಮಕ ಎಲ್ಲಿ ತಿರುಗಿತು, ಸಾಹಿತ್ಯ ಎಲ್ಲಿ ಒಡೆಯಿತು ಎಂಬುದನ್ನು ಅದರಲ್ಲಿಯೇ ಹಿಡಿದರು. ಹಾಗೆಂದು ಒಳ್ಳೆಯ ಯಂತ್ರ ಬೇಡವೆನ್ನುವುದಿಲ್ಲ. ಕೈಲಾದವರು ಕೊಳ್ಳಲಿ, ಮೊದಲು ಕಿವಿಯನ್ನು ಕಾಯಲಿ.

ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಗ್ರಹಿಸಬಲ್ಲದು. ವಯಸ್ಸಾದಂತೆ ಮೇಲಿನ ತುದಿ ಮೊದಲು ಸವೆಯುತ್ತದೆ. ಐವತ್ತು ದಾಟಿದ ನಮಗೂ ವಿನಾಯಿತಿಯಿಲ್ಲ. ಅದು ಕಾಲಧರ್ಮ. ಆದರೆ ಜಾತ್ರೆ, ಮದುವೆಗಳಲ್ಲಿ ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳ ಮುಂದೆ ಕಂದಮ್ಮಗಳನ್ನು ನಿಲ್ಲಿಸುತ್ತೀರಲ್ಲ, ಅದು ಯಾವ ಧರ್ಮ? ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಮೇಲೆ ಲಕ್ಷ ಸುರಿದರೂ ಆ ಗಾಂಧಾರ ಆ ಮಗುವಿಗೆ ಮೊದಲಿನಂತೆ ಕೇಳಿಸದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವಿದೆ. ಹಗಲಿನಲ್ಲಿ ವಿವೇಕವಿರಬೇಕು.

ಷಟ್‌ಸ್ಥಲ ಶಾಸ್ತ್ರವು ಶ್ರೋತ್ರದಲ್ಲಿ ಪ್ರಸಾದಲಿಂಗವನ್ನು ಹೇಳಿದೆ. ಅದಕ್ಕೆ ಅರ್ಪಿತವಾಗುವ ದ್ರವ್ಯ ಶಬ್ದ. ಬಾಡಿದ ಪತ್ರೆಯನ್ನು ನಾವು ಪೂಜೆಗೆ ಇಡುವುದಿಲ್ಲ, ಆರಿಸುತ್ತೇವೆ. ಶಬ್ದವನ್ನು ಮಾತ್ರ ಆರಿಸದೆ ಸುರಿಯುತ್ತೇವೆ.

ಈಗ ವೀಣಾವಾದನವಿದೆ. ಮೈಕಿನವರು ಆ ಎಡಬದಿಯ ಪೆಟ್ಟಿಗೆಯ ಸದ್ದನ್ನು ಸ್ವಲ್ಪ ತಗ್ಗಿಸಲಿ. ಹಿಂದಿರುವವರಿಗೆ ಕೇಳಿಸದಿದ್ದರೆ ಮುಂದೆ ಬರಬೇಕು, ಜಾಗ ಬೇಕಾದಷ್ಟಿದೆ.