ಕಾಣದ ಗಾಯಕ್ಕೆ ಮನೆಯ ಆರೈಕೆ



ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಗೆ ಸೈನ್ಯ ಹೊಸದಲ್ಲ. ಇದು ಚೆನ್ನಮ್ಮನ ನಾಡು. ಸಂಗೊಳ್ಳಿ ರಾಯಣ್ಣನ ನಾಡು. ಬೆಳಗಾವಿಯಲ್ಲಿ 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. ಮಿಲ್ಟ್ರಿಗೆ ಹೊರಟ ಹುಡುಗನನ್ನು ಊರೆಲ್ಲ ಸೇರಿ ಕಳಿಸುತ್ತದೆ. ಹಾರ ಹಾಕುತ್ತದೆ. ಆದರೆ ತಲೆಗೆ ಪೆಟ್ಟಾಗಿ ಮನೆಗೆ ಬಂದವನನ್ನು ನೋಡಿಕೊಳ್ಳುವವರು ಯಾರು? ಅವನ ಹೆಂಡತಿ. ಅವನ ಅವ್ವ. ಅವನ ತಂಗಿ. ಇವತ್ತಿನ ನಮ್ಮ ಮಾತು ಅವರಿಗಾಗಿ.

ಪೆಟ್ಟು ಗಡಿಯಲ್ಲೇ ಆಗಬೇಕೆಂದಿಲ್ಲ. ಗುಂಡು ತಗಲಬಹುದು. ಬಾಂಬು ಸಿಡಿಯಬಹುದು. ಗಾಡಿ ಪಲ್ಟಿ ಆಗಬಹುದು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಹೆಲ್ಮೆಟ್ ಇಲ್ಲದೆ ಮೋಟರ್ ಸೈಕಲ್ಲಿನಿಂದ ಬೀಳಬಹುದು. ಪೆಟ್ಟು ಹೇಗೇ ಆಗಿರಲಿ, ಮನೆಯ ಕಷ್ಟ ಒಂದೇ.

ಒಂದು ಗಡಿಗೆಯಲ್ಲಿ ಮೊಸರು ಇದೆ ಎಂದು ತಿಳಿಯೋಣ. ಗಡಿಗೆಯನ್ನು ಜೋರಾಗಿ ಅಲುಗಿಸಿದರೆ ಏನಾಗುತ್ತದೆ? ಗಡಿಗೆ ಒಡೆಯುವುದಿಲ್ಲ. ಒಳಗಿನ ಮೊಸರು ಒಡೆಯುತ್ತದೆ. ನಮ್ಮ ತಲೆಯೂ ಹಾಗೆಯೇ. ಬುರುಡೆ ಗಟ್ಟಿ. ಒಳಗಿನ ಮಿದುಳು ಮೆತ್ತಗೆ. ಹೊರಗಿನ ಗಾಯ ಮಾಯಬಹುದು, ಹೊಲಿಗೆ ಬಿಚ್ಚಬಹುದು. ಒಳಗಿನ ಗಾಯ ಉಳಿದಿರಬಹುದು.

ಆಗ ಏನೇನು ಆಗುತ್ತದೆ? ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಾತು ನಾಲಿಗೆಯ ಮೇಲೆ ಬಂದು ನಿಲ್ಲುತ್ತದೆ. ಮಿದುಳಿನ ಎಡಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಬಲಕ್ಕೆ ಪೆಟ್ಟಾದರೆ ಎಡಗಡೆ ಸೋಲುತ್ತದೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಇಲ್ಲವೇ ಯಾವುದಕ್ಕೂ ಮನಸ್ಸೇ ಆಗುವುದಿಲ್ಲ. ಕಟ್ಟೆಯ ಮೇಲೆ ಕುಂತರೆ ಕುಂತೇ ಬಿಟ್ಟರು.

ನೋಡಿದವರು ಏನಂತಾರೆ? ‘ಕೈಕಾಲು ಚೆಂದ ಅದಾವು, ಸೋಮಾರಿ ಆಗ್ಯಾನ’ ಅಂತಾರೆ. ‘ಗಾಳಿ ಸೋಕೈತಿ’ ಅಂತಾರೆ. ‘ಹೆಂಡ್ತಿ ಕಾಲ್ಗುಣ’ ಅಂತಲೂ ಅಂತಾರೆ. ಹಂಗಲ್ಲರಿ. ಅದು ಸೋಮಾರಿತನವಲ್ಲ. ಗಾಳಿಯಲ್ಲ. ಯಾರ ಕಾಲ್ಗುಣವೂ ಅಲ್ಲ. ಅದು ಗಾಯ.

ಇದನ್ನು ತಿಳಿಯಲು ಜಗತ್ತಿಗೇ ಬಹಳ ದಿನ ಹಿಡಿಯಿತು. 1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಹತ್ತಿರದಲ್ಲಿ ಗುಂಡು ಸಿಡಿದ ಕೆಲವು ಸೈನಿಕರ ಮೈಮೇಲೆ ಗಾಯವಿರಲಿಲ್ಲ. ಆದರೂ ಕೈಕಾಲು ನಡುಗುತ್ತಿದ್ದವು. ಮಾತು ನಿಂತುಹೋಗುತ್ತಿತ್ತು. ಅವರನ್ನು ಹೇಡಿಗಳೆಂದು ಬೈದವರಿದ್ದರು. ಸಿಡಿತದ ಹೊಡೆತವೊಂದೇ ಸಾಕು, ಮಿದುಳಿಗೆ ಪೆಟ್ಟಾಗಬಹುದು ಎಂದು ಈಗ ಡಾಕ್ಟರರು ಹೇಳುತ್ತಾರೆ.

ದವಾಖಾನೆಯ ಚಿಕಿತ್ಸೆ ಮುಗಿದ ಮೇಲೆ ಮನೆಗೆ ಕಳಿಸುತ್ತಾರೆ. ರಾಮದುರ್ಗದವರು ಬೆಳಗಾವಿಗೆ ಹೋಗಿ ಬರಲು ಒಂದು ದಿನ ಬೇಕು. ದಿನಾ ಹೋಗಲು ಆಗುತ್ತದೆಯೇ? ಆದ್ದರಿಂದ ಉಳಿದ ಕೆಲಸ ಮನೆಯಲ್ಲೇ ನಡೆಯಬೇಕು. ಸುಧಾರಣೆ ಮೊದಲ ತಿಂಗಳುಗಳಲ್ಲಿ ಹೆಚ್ಚು. ಆಮೇಲೆ ನಿಧಾನ. ಆದರೆ ವರ್ಷಗಳ ಮೇಲೂ ಅಷ್ಟಿಷ್ಟು ಸುಧಾರಿಸುವವರಿದ್ದಾರೆ.

ಮನೆಯಲ್ಲಿ ಏನು ಮಾಡಬೇಕು?

ದಿನಚರಿ ಒಂದೇ ರೀತಿ ಇರಲಿ. ಏಳುವುದು, ಸ್ನಾನ, ರೊಟ್ಟಿ, ಗುಳಿಗೆ, ನಿದ್ದೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಲಿ. ಒಮ್ಮೆಗೆ ಒಂದೇ ಮಾತು ಹೇಳಿರಿ. ಉತ್ತರ ಬರುವ ತನಕ ಕಾಯಿರಿ. ಟಿ.ವಿ. ಸದ್ದು ಕಡಿಮೆ ಮಾಡಿರಿ. ಗದ್ದಲದಲ್ಲಿ ಅವರಿಗೆ ಬೇಗ ದಣಿವು. ಅಂಗಿ ತೊಡಿಸುವ ಬದಲು ಅವರೇ ತೊಡಲು ಬಿಡಿರಿ. ಹೊತ್ತು ಹಿಡಿದರೂ ಚಿಂತೆಯಿಲ್ಲ. ಸೋತ ಕೈಗೂ ಕೆಲಸ ಬೇಕು.

ಹಾಸಿಗೆ ಹಿಡಿದವರಿದ್ದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಇಲ್ಲವಾದರೆ ಬೆನ್ನು, ಸೊಂಟ ಹುಣ್ಣಾಗುತ್ತವೆ. ಮಲಗಿಸಿ ಊಟ, ನೀರು ಕೊಡಬೇಡಿರಿ. ನೆಟ್ಟಗೆ ಕೂಡಿಸಿರಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಡಾಕ್ಟರರಿಗೆ ಹೇಳಿರಿ.

ಈಗ ಒಬ್ಬ ಸೈನಿಕನ ಸಂಗತಿ ಹೇಳುತ್ತೇವೆ. ಅವನು ರಷ್ಯಾ ದೇಶದವನು. ಹೆಸರು ಜಸೆಟ್ಸ್ಕಿ. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಅವನ ತಲೆಯ ಎಡಭಾಗಕ್ಕೆ ಗುಂಡು ಹೊಕ್ಕಿತು. ಜೀವ ಉಳಿಯಿತು. ಆದರೆ ಕಾಲೇಜಿನಲ್ಲಿ ಓದಿದವನು ಅಕ್ಷರ ಮರೆತ. ಒಂದಕ್ಷರವೂ ಗುರುತು ಸಿಗದು. ನೀವು ಮೊದಲ ದಿನ ಕಲಿಕಾ ಕೇಂದ್ರಕ್ಕೆ ಬಂದಾಗ ಇದ್ದಿರಲ್ಲ, ಹಾಗೆ.

ಅವನು ಮೊದಲಿನಿಂದ ಕಲಿತ. ತಮ್ಮವರ ಹೆಸರುಗಳನ್ನು ಹಿಡಿದು ಅಕ್ಷರ ನೆನಪಿಟ್ಟ. ಬರೆಯಲು ಮಾತ್ರ ಬರಲೊಲ್ಲದು. ಆಗ ಲೂರಿಯಾ ಎಂಬ ಡಾಕ್ಟರು ಹೇಳಿದರು: ಒಂದೊಂದೇ ಅಕ್ಷರ ಯೋಚಿಸಬೇಡ, ಕೈ ಎತ್ತದೆ ಇಡೀ ಪದ ಬರೆ. ಬರೆದ. ಕೈಗೆ ನೆನಪಿತ್ತು! ಆಮೇಲೆ ತಾಯಿಯ ಮನೆಗೆ ಹೋದ. ದಿನಾ ಕುಂತು ತನ್ನ ಕಥೆ ಬರೆದ. ಸುಮಾರು 25 ವರ್ಷಗಳಲ್ಲಿ 3000 ಪುಟಗಳಷ್ಟು ಬರೆದ. ಪೂರ್ತಿ ಗುಣವಾಗಲಿಲ್ಲ. ತಾನು ಬರೆದದ್ದನ್ನು ಓದಲೂ ಕಷ್ಟಪಡುತ್ತಿದ್ದ. ಆದರೂ ಬರೆಯುವುದನ್ನು ಬಿಡಲಿಲ್ಲ.

ಅಕ್ಷರಕ್ಕೆ ಇಷ್ಟು ಶಕ್ತಿಯಿದೆ. ಆ ಅಕ್ಷರ ಈಗ ನಿಮ್ಮ ಕೈಯಲ್ಲಿದೆ. ಒಂದು ನೋಟುಪುಸ್ತಕ ಮಾಡಿರಿ. ತಾರೀಖು ಹಾಕಿರಿ. ಯಾವ ಗುಳಿಗೆ, ಎಷ್ಟು ಗಂಟೆಗೆ ಎಂದು ಬರೆಯಿರಿ. ನಿದ್ದೆ ಬಂತೇ? ಸಿಟ್ಟು ಯಾವಾಗ ಬಂತು? ಅದಕ್ಕಿಂತ ಮೊದಲು ಏನಾಗಿತ್ತು? ಅದನ್ನೂ ಬರೆಯಿರಿ. ಹದಿನೈದು ದಿನ ಬರೆದರೆ ನಿಮಗೇ ಗೊತ್ತಾಗುತ್ತದೆ. ಹಸಿವಾದಾಗ ಸಿಟ್ಟೋ, ದಣಿದಾಗ ಸಿಟ್ಟೋ, ಮಂದಿ ಸೇರಿದಾಗ ಸಿಟ್ಟೋ ತಿಳಿಯುತ್ತದೆ. ಡಾಕ್ಟರರಿಗೂ ಈ ಪುಸ್ತಕ ತೋರಿಸಿರಿ. ಡಬ್ಬಿಗಳ ಮೇಲೆ ‘ಸಕ್ಕರೆ’, ‘ಉಪ್ಪು’ ಎಂದು, ಬಾಗಿಲ ಮೇಲೆ ‘ಬಚ್ಚಲು’ ಎಂದು ದೊಡ್ಡದಾಗಿ ಬರೆದು ಅಂಟಿಸಿರಿ. ಮರೆತವರಿಗೆ ಗೋಡೆಯೇ ದಾರಿ ಹೇಳಲಿ.

ಕೆಲವರಿಗೆ ಫಿಟ್ಸ್ ಬರುತ್ತದೆ. ಹೆದರಬೇಡಿರಿ. ಮಗ್ಗುಲಾಗಿ ಮಲಗಿಸಿರಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿರಿ. ಬಾಯಲ್ಲಿ ಚಮಚ, ನೀರು ಏನನ್ನೂ ಹಾಕಬೇಡಿರಿ. ಕೈಯಲ್ಲಿ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿರಿ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಆಗಲೂ ತಡಮಾಡಬೇಡಿರಿ. ಫಿಟ್ಸ್ ಇರುವವರು ಒಬ್ಬರೇ ಬಾವಿಗೆ, ಹೊಳೆಗೆ ಇಳಿಯಬಾರದು. ಡಾಕ್ಟರು ಹೇಳುವ ತನಕ ಮೋಟರ್ ಸೈಕಲ್, ಟ್ರ್ಯಾಕ್ಟರ್ ಓಡಿಸಬಾರದು.

ಗುಡ್ಡಕ್ಕೆ ಹೋಗಿ ಯಲ್ಲಮ್ಮನಿಗೆ ಹಣ್ಣುಕಾಯಿ ಮಾಡಿಸಿರಿ. ಬೇಡವೆನ್ನುವುದಿಲ್ಲ. ಆದರೆ ಗುಳಿಗೆ ಬಿಡಬೇಡಿರಿ. ಫಿಟ್ಸಿನ ಗುಳಿಗೆ ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಮಾಜಿ ಸೈನಿಕರಿಗೆ ಮಿಲ್ಟ್ರಿ ಕ್ಯಾಂಟೀನಿನಲ್ಲಿ ಕಡಿಮೆ ದರಕ್ಕೆ ರಮ್ ಸಿಗುತ್ತದೆ. ಮಿದುಳಿಗೆ ಪೆಟ್ಟಾದವರಿಗೆ ಅದು ವಿಷ. ಕುಡಿದರೆ ಫಿಟ್ಸ್ ಹೆಚ್ಚುತ್ತದೆ. ಸಿಟ್ಟು ಹೆಚ್ಚುತ್ತದೆ. ಬಿದ್ದು ಮತ್ತೆ ತಲೆಗೇ ಪೆಟ್ಟಾಗುತ್ತದೆ. ‘ಒಂದು ಪೆಗ್ಗಿಗೆ ಏನಾಗ್ತೈತಿ’ ಎನ್ನುವ ಗೆಳೆಯರಿಗೆ ಇದನ್ನು ಓದಿ ಹೇಳಿರಿ.

ಸಿಟ್ಟು ಬಂದಾಗ ವಾದ ಬೇಡ. ದನಿ ಇಳಿಸಿರಿ. ಮಕ್ಕಳನ್ನು ಆಚೆ ಕಳಿಸಿರಿ. ನೀವೂ ಸ್ವಲ್ಪ ಹೊತ್ತು ಹೊರಗೆ ಬನ್ನಿರಿ. ಸಿಟ್ಟು ಗಾಯದ್ದು, ನಿಜ. ಹಾಗಂತ ಪೆಟ್ಟು ತಿನ್ನುವುದು ಸೇವೆಯಲ್ಲ. ಕೈ ಎತ್ತಿದರೆ ಮುಚ್ಚಿಡಬೇಡಿರಿ. ಹಿರಿಯರಿಗೆ ಹೇಳಿರಿ. ಡಾಕ್ಟರರಿಗೆ ಹೇಳಿರಿ. ಜೀವಕ್ಕೆ ಭಯವಾದರೆ 112ಕ್ಕೆ ಫೋನು ಮಾಡಿರಿ. ಹೆಣ್ಣುಮಕ್ಕಳ ಸಹಾಯಕ್ಕೆ 181 ಇದೆ. ಮನಸ್ಸು ಕುಗ್ಗಿದಾಗ ಮಾತಾಡಲು 14416 ಇದೆ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಮತ್ತೆ ನಿಮ್ಮ ನಿದ್ದೆ? ನಿಮ್ಮ ಊಟ? ವಾರಕ್ಕೆ ಒಂದು ದಿನ ಮೈದುನನೋ ನಾದಿನಿಯೋ ಅವರ ಹತ್ತಿರ ಕೂಡಲಿ. ಹಾಗೆ ಕೇಳುವುದು ತಪ್ಪಲ್ಲ. ಬಾವಿಯೇ ಬತ್ತಿದರೆ ನೀರು ಕೊಡುವವರು ಯಾರು?

ಕೊನೆಗೆ ಕಾಗದಪತ್ರದ ಮಾತು. ಪಿಂಚಣಿ ಇರುವ ಮಾಜಿ ಸೈನಿಕರಿಗೂ ಅವರ ಹೆಂಡತಿಗೂ 2003ರಿಂದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ. ಅದರ ಪಾಲಿಕ್ಲಿನಿಕ್ ಬೆಳಗಾವಿಯಲ್ಲಿದೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯೂ ಅಲ್ಲಿದೆ. ಸೇವೆಯಿಂದಲೇ ಆದ ಪೆಟ್ಟು ಎಂದು ಒಪ್ಪಿದರೆ ಅಂಗವಿಕಲ ಪಿಂಚಣಿ ಇದೆ. ನೂರಕ್ಕೆ ನೂರು ಅಂಗವಿಕಲತೆ ಇದ್ದು, ಸದಾ ಒಬ್ಬರು ಜೊತೆಗಿರಬೇಕೆಂದು ವೈದ್ಯ ಮಂಡಳಿ ಹೇಳಿದರೆ ಸಹಾಯಕರ ಭತ್ಯೆಯೂ ಇದೆ. ಅಂಗವಿಕಲರ ಯು.ಡಿ.ಐ.ಡಿ. ಕಾರ್ಡಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. ಪಿಂಚಣಿ ಖಾತೆ ಜಂಟಿಯಾಗಿದೆಯೇ? ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರು ಇದೆಯೇ? ನೀವೇ ಓದಿ ನೋಡಿರಿ. ಯಾವ ಕಾಗದಕ್ಕೂ ಓದದೆ ಹೆಬ್ಬೆಟ್ಟು ಒತ್ತಬೇಡಿರಿ. ಈಗ ನಿಮಗೆ ಸಹಿ ಬರುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡೋಣ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಪುಸ್ತಕ ತೆಗೆದು ಮೂರು ಸಾಲು ಬರೆಯಿರಿ. ಇವತ್ತು ಅವರು ಏನು ಮಾಡಿದರು, ಏನು ಮರೆತರು, ಯಾವಾಗ ನಕ್ಕರು. ಮೂರನೆಯ ಸಾಲು ಮರೆಯಬೇಡಿರಿ. ನಿಮ್ಮ ಮನೆಯಲ್ಲಿ ಇಲ್ಲ, ಪಕ್ಕದ ಮನೆಯಲ್ಲಿ ಇದ್ದಾರೆಯೇ? ಹಾಗಾದರೆ ಆ ಅಕ್ಕನ ಹತ್ತಿರ ಹೋಗಿ ಈ ಪಾಠ ಓದಿ ಹೇಳಿರಿ. ನೀವು ಓದುವಷ್ಟು ಹೊತ್ತು ಅವಳೂ ಕಾಲು ಚಾಚಿ ಕೂಡಲಿ.