ವಿದ್ವತ್ಸಮ್ಮೇಳನದ ಒಳಮನೆ



ವಿದ್ವಾಂಸರ ಸಮ್ಮೇಳನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವೇದಿಕೆ, ಹೂವಿನ ಹಾರ, ಸ್ವಾಗತ ಭಾಷಣ, ಅಧ್ಯಕ್ಷ ಭಾಷಣ, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವ ಭಾವಚಿತ್ರ. ಇವೆಲ್ಲ ಮನೆಯ ಪಡಸಾಲೆ. ಅತಿಥಿಗಳು ಕೂರುವ ಜಾಗ ಅದು. ಅಡಿಗೆ ನಡೆಯುವ ಜಾಗ ಬೇರೆ. ಈ ದಿನ ತಮ್ಮನ್ನು ಪಡಸಾಲೆಯಿಂದ ಒಳಮನೆಗೆ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ. ಶಿಕ್ಷಣವನ್ನು ಕುರಿತು ಸಂಶೋಧನೆ ಮಾಡುವವರು ನೂರುಗಟ್ಟಲೆ, ಸಾವಿರಗಟ್ಟಲೆ ಒಂದೆಡೆ ನೆರೆದಾಗ, ಯಾರು ಯಾವ ಕೋಣೆಯಲ್ಲಿ, ಯಾರ ಜೊತೆಯಲ್ಲಿ, ಯಾವ ಹೊತ್ತಿನಲ್ಲಿ ಮಾತನಾಡಬೇಕೆಂದು ನಿಶ್ಚಯಿಸುವವರು ಯಾರು? ಹೇಗೆ ನಿಶ್ಚಯಿಸುತ್ತಾರೆ? ಅದರಿಂದ ಆಗುವುದೇನು, ಕೆಡುವುದೇನು? ಇದು ಗುಮಾಸ್ತೆಯ ಕೆಲಸವೆಂದು ಬಹುಮಂದಿ ಎಣಿಸಿದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ತಿಳಿದ ಬಗೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಪೂರ್ವಚರಿತ್ರೆ. ಬಗೆಬಗೆಯ ಶಾಸ್ತ್ರಜ್ಞರು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಸೇರಿ, ಒಟ್ಟಿಗೆ ಕೆಲವು ಭಾಷಣಗಳನ್ನು ಕೇಳಿ, ಆಮೇಲೆ ವಿಭಾಗ ವಿಭಾಗವಾಗಿ ಕುಳಿತು ಪ್ರಬಂಧಗಳನ್ನು ಚರ್ಚಿಸುವ ಪದ್ಧತಿಗೆ ಒಂದು ದೊಡ್ಡ ಮಾದರಿಯಾದದ್ದು 1831ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಮೊದಲು ಸೇರಿದ ಬ್ರಿಟಿಷ್ ವಿಜ್ಞಾನಾಭಿವೃದ್ಧಿ ಸಂಘ. ಅದೇ ಮಾದರಿಯಲ್ಲಿ 1914ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ಭಾರತೀಯ ವಿಜ್ಞಾನ ಕಾಂಗ್ರೆಸ್ಸು ಮೊದಲ ಸಲ ನೆರೆಯಿತು. ಅಂದು ಬಂದಿದ್ದವರು 105 ಮಂದಿ; ಓದಿದ ಪ್ರಬಂಧಗಳು 35; ವಿಭಾಗಗಳು ಆರು. 1917ರಲ್ಲಿ ಅದು ನಮ್ಮ ಬೆಂಗಳೂರಿಗೂ ಬಂದಿತು. 35 ಪ್ರಬಂಧಗಳನ್ನು ಆರು ವಿಭಾಗಗಳಿಗೆ ಹಂಚುವುದು ಕಷ್ಟವಲ್ಲ. ಸಸ್ಯವನ್ನು ಕುರಿತದ್ದು ಸಸ್ಯಶಾಸ್ತ್ರಕ್ಕೆ ಹೋಗುತ್ತದೆ, ಶಿಲೆಯನ್ನು ಕುರಿತದ್ದು ಭೂಗರ್ಭಶಾಸ್ತ್ರಕ್ಕೆ ಹೋಗುತ್ತದೆ. ವಸ್ತುವೇ ತನ್ನ ಮನೆಯ ದಾರಿಯನ್ನು ತೋರಿಸುತ್ತದೆ.

ಶಿಕ್ಷಣದ ವಿಚಾರ ಹಾಗಲ್ಲ. ಮೂರನೆಯ ತರಗತಿಯ ಒಂದು ಮಗುವಿಗೆ ಪಾಠವನ್ನು ಓದಲು ಬರುವುದಿಲ್ಲವೆಂದು ಇಟ್ಟುಕೊಳ್ಳೋಣ. ಮನಶ್ಶಾಸ್ತ್ರಜ್ಞನು ಮಗುವಿನ ಗಮನವನ್ನೂ ಜ್ಞಾಪಕವನ್ನೂ ಪರೀಕ್ಷಿಸುತ್ತಾನೆ. ಭಾಷಾಶಾಸ್ತ್ರಜ್ಞನು ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರವನ್ನು ಅಳೆಯುತ್ತಾನೆ. ಅರ್ಥಶಾಸ್ತ್ರಜ್ಞನು ಮಗು ಬೆಳಗ್ಗೆ ಏನು ಉಂಡು ಬಂದಿತೆಂದು ಕೇಳುತ್ತಾನೆ. ಇತಿಹಾಸಜ್ಞನು ಆ ಪಠ್ಯಪುಸ್ತಕ ಯಾವಾಗ, ಯಾರಿಗಾಗಿ ಹುಟ್ಟಿತೆಂದು ಶೋಧಿಸುತ್ತಾನೆ. ತತ್ತ್ವಜ್ಞನು ಓದುವುದೆಂದರೇನು ಎಂಬಲ್ಲಿಂದಲೇ ಆರಂಭಿಸುತ್ತಾನೆ. ಮಗು ಒಂದೇ, ನೋಡುವವರು ಐವರು. ಈ ಐವರ ಪ್ರಬಂಧಗಳೂ ಶಿಕ್ಷಣ ಸಮ್ಮೇಳನಕ್ಕೆ ಬರುತ್ತವೆ. ಇವರನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕೆ, ಐದು ಕೋಣೆಗಳಲ್ಲಿ ಕೂರಿಸಬೇಕೆ? ಒಂದೇ ಕೋಣೆಯಲ್ಲಿ ಕೂರಿಸಿದರೆ ಒಬ್ಬರ ಪರಿಭಾಷೆ ಮತ್ತೊಬ್ಬರಿಗೆ ತಿಳಿಯದೆ ಹೋಗಬಹುದು. ಐದು ಕೋಣೆಗಳಲ್ಲಿ ಕೂರಿಸಿದರೆ ಮಗುವನ್ನೇ ಐದು ಪಾಲು ಮಾಡಿದಂತಾಯಿತು.

ಈ ಗಂಟನ್ನು ಬಿಡಿಸಲು ಯೂರೋಪಿನವರು ಮಾಡಿಕೊಂಡಿರುವ ಒಂದು ಏರ್ಪಾಟು ನಮ್ಮ ಗಮನಕ್ಕೆ ಯೋಗ್ಯವಾಗಿದೆ. 1994ರಲ್ಲಿ ಆ ಖಂಡದ ನಾನಾ ದೇಶಗಳ ಶಿಕ್ಷಣ ಸಂಶೋಧನ ಸಂಘಗಳು ಕೂಡಿ ಯೂರೋಪಿನ ಶಿಕ್ಷಣ ಸಂಶೋಧನ ಸಂಘವೆಂಬ ಒಂದು ಒಕ್ಕೂಟವನ್ನು ಸ್ಥಾಪಿಸಿದುವು. ಅದರ ಆಶ್ರಯದಲ್ಲಿ ಬೇಸಿಗೆಯ ಕೊನೆಗೆ ವರ್ಷಕ್ಕೊಂದು ಊರಿನಲ್ಲಿ ಸಮ್ಮೇಳನ ಸೇರುತ್ತದೆ. 2024ರಲ್ಲಿ ಸೈಪ್ರಸ್ಸಿನ ನಿಕೋಸಿಯ, 2025ರಲ್ಲಿ ಸರ್ಬಿಯದ ಬೆಲ್‌ಗ್ರೇಡ್ ಅದಕ್ಕೆ ಆತಿಥ್ಯವನ್ನಿತ್ತುವು. ಈ ಸಮ್ಮೇಳನದ ಬೆನ್ನೆಲುಬೆಂದರೆ ಮೂವತ್ತಕ್ಕೂ ಹೆಚ್ಚಿನ ಸಂಶೋಧನ ಕೂಟಗಳು. ಅವರು ಇದನ್ನು ನೆಟ್‌ವರ್ಕ್ ಎನ್ನುತ್ತಾರೆ. ಜಾಲವೆಂದು ಭಾಷಾಂತರಿಸಿದರೆ ಯಾರನ್ನೋ ಹಿಡಿಯಲು ಒಡ್ಡಿದಂತಾಗುವುದೆಂದು ನನಗೆ ಅಳುಕು. ನಮ್ಮಲ್ಲಿ ಬಳಗವೆಂಬ ಒಳ್ಳೆಯ ಮಾತೇ ಇದೆ, ಅದನ್ನೇ ಬಳಸುತ್ತೇನೆ. ಶಿಕ್ಷಣ ತತ್ತ್ವಕ್ಕೆ ಒಂದು ಬಳಗ, ಶಿಕ್ಷಣದ ಇತಿಹಾಸಕ್ಕೆ ಒಂದು, ಉಪಾಧ್ಯಾಯರ ತರಬೇತಿಗೆ ಒಂದು, ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ ಒಂದು, ಗಣಿತ ಬೋಧನೆಗೆ ಒಂದು, ಭಾಷೆಗೆ ಒಂದು, ಸಾಮಾಜಿಕ ನ್ಯಾಯಕ್ಕೆ ಒಂದು, ಹೀಗೆ.

ಇವು ಹಳೆಯ ವಿಭಾಗಗಳಂತೆ ಸಮ್ಮೇಳನದ ಮೂರು ನಾಲ್ಕು ದಿನ ಮಾತ್ರ ಬದುಕಿರುವ ಪೆಟ್ಟಿಗೆಗಳಲ್ಲವೆಂಬುದನ್ನು ತಾವು ಗಮನಿಸಬೇಕು. ಪ್ರತಿ ಬಳಗಕ್ಕೂ ಕೆಲವರು ಸಂಚಾಲಕರಿರುತ್ತಾರೆ. ಇವರು ಬೇರೆ ಬೇರೆ ದೇಶಗಳ ಅಧ್ಯಾಪಕರು. ಈ ಕೆಲಸಕ್ಕೆ ಇವರಿಗೆ ಸಂಬಳವಿಲ್ಲ. ವರ್ಷವೆಲ್ಲ ಪತ್ರವ್ಯವಹಾರ ನಡೆಸುವುದು, ಮುಂದಿನ ವರ್ಷ ಯಾವ ಪ್ರಶ್ನೆಯನ್ನು ವಿಶೇಷವಾಗಿ ಚರ್ಚಿಸಬೇಕೆಂದು ಸೂಚಿಸುವುದು, ಸಮ್ಮೇಳನದ ಕಾಲದಲ್ಲಿ ಬಳಗದವರ ಸಭೆಯನ್ನು ಕರೆದು ಕಷ್ಟಸುಖ ವಿಚಾರಿಸುವುದು, ಇವೆಲ್ಲ ಅವರ ಹೊಣೆ. ಹೊಸಬನೊಬ್ಬನು ಅಪರಿಚಿತ ಊರಿನಲ್ಲಿ ಬಂದಿಳಿದಾಗ ಸಾವಿರಾರು ಜನರ ನಡುವೆ ಒಂಟಿಯಾಗದೆ ತನ್ನವರೆನ್ನಬಹುದಾದ ಹತ್ತಿಪ್ಪತ್ತು ಮುಖಗಳನ್ನು ಕಾಣುವುದು ಈ ಬಳಗದಿಂದ. ಅಲ್ಲದೆ ಮುಖ್ಯ ಸಮ್ಮೇಳನಕ್ಕೆ ಮುಂಚೆ ಎಳೆಯ ಸಂಶೋಧಕರಿಗಾಗಿಯೇ ಪ್ರತ್ಯೇಕವಾದ ಒಂದು ಸಮ್ಮೇಳನವೂ ನಡೆಯುತ್ತದೆ.

ಇನ್ನು ಗೋಷ್ಠಿಗಳನ್ನು ಕಟ್ಟುವ ಕ್ರಮ. ಸಮ್ಮೇಳನಕ್ಕೆ ಹಲವು ತಿಂಗಳು ಮುಂಚೆಯೇ ಪ್ರಬಂಧಗಳ ಸಾರಲೇಖಗಳು ಬರುತ್ತವೆ. ಬರೆದವರು ಯಾವ ಬಳಗಕ್ಕೆ ಸೇರಬೇಕೆಂದು ತಾವೇ ಸೂಚಿಸುತ್ತಾರೆ. ಆ ಬಳಗದ ಕಡೆಯಿಂದ ಅವನ್ನು ಓದಿ ಬೆಲೆ ಕಟ್ಟುವವರಿರುತ್ತಾರೆ. ಬರೆದವರ ಹೆಸರನ್ನು ಮರೆಮಾಡಿ ಇಬ್ಬರಿಂದ ಓದಿಸುವುದು ಇಂಥ ಸಮ್ಮೇಳನಗಳಲ್ಲಿ ಬಹುಮಟ್ಟಿಗೆ ವಾಡಿಕೆ. ಹೆಸರು ಕಂಡರೆ ಕೈ ತಾನಾಗಿಯೇ ಸಡಿಲವಾಗಬಹುದು, ಇಲ್ಲವೆ ಬಿಗಿಯಾಗಬಹುದು. ಮನುಷ್ಯ ಸ್ವಭಾವ ಅದು. ಆರಿಸಿದ ಪ್ರಬಂಧಗಳನ್ನು ಸಂಚಾಲಕರು ಮೂರು ಮೂರಾಗಿಯೋ ನಾಲ್ಕು ನಾಲ್ಕಾಗಿಯೋ ಜೋಡಿಸಿ ಒಂದೂವರೆ ಗಂಟೆಯ ಗೋಷ್ಠಿಗಳನ್ನು ಮಾಡುತ್ತಾರೆ. ಒಬ್ಬರಿಗೆ ಸುಮಾರು 20 ನಿಮಿಷ ಕಾಲ, ಮಿಕ್ಕದ್ದು ಪ್ರಶ್ನೋತ್ತರಕ್ಕೆ.

ಇದಲ್ಲದೆ ವಿಚಾರಗೋಷ್ಠಿಯೆಂಬುದು ಬೇರೊಂದು ಬಗೆ. ಅದರಲ್ಲಿ ಭಾಗವಹಿಸುವವರು ತಾವೇ ಮೊದಲು ಮಾತನಾಡಿಕೊಂಡು, ಒಂದೇ ಪ್ರಶ್ನೆಯನ್ನು ಹಿಡಿದು, ಮೂರು ನಾಲ್ಕು ಪ್ರಬಂಧಗಳನ್ನು ಸಿದ್ಧಮಾಡಿ, ಎಲ್ಲವನ್ನೂ ಕೇಳಿ ವಿಮರ್ಶಿಸಲು ಒಬ್ಬರನ್ನು ಗೊತ್ತುಮಾಡಿಕೊಂಡು ಬರುತ್ತಾರೆ. ಇದರಲ್ಲಿ ಚರ್ಚೆಗೆ ಬಿಗಿ ಹೆಚ್ಚು. ಗೆಳೆಯರು ಗೆಳೆಯರನ್ನೇ ಹೊಗಳಿ ಎದ್ದುಹೋಗುವ ಅಪಾಯವೂ ಅಷ್ಟೇ ಹೆಚ್ಚು. ಆದಕಾರಣ ಆ ಒಕ್ಕೂಟದವರು ಒಂದೇ ದೇಶದವರೇ ಕೂಡಿಕೊಂಡು ಬರದೆ ಹಲವು ದೇಶಗಳವರು ಸೇರಿರಬೇಕೆಂದು ಕೇಳುತ್ತಾರೆ. ಈ ನಿಯಮದ ಹಿಂದೆ ಒಂದು ವಿವೇಕವಿದೆ. ನಮ್ಮ ಶಾಲೆಯ ಪದ್ಧತಿ ನಮಗೆ ಗಾಳಿಯಂತೆ ಸಹಜವಾಗಿ ಕಾಣುತ್ತದೆ. ಪಕ್ಕದ ದೇಶದವನು ‘ಇದನ್ನು ಹೀಗೇಕೆ ಮಾಡುತ್ತೀರಿ?’ ಎಂದು ಕೇಳಿದಾಗಲೇ ಅದು ಬೇರೆ ಬಗೆಯಾಗಿಯೂ ಇರಬಹುದೆಂದು ನಮಗೆ ಹೊಳೆಯುವುದು.

ಇಷ್ಟೂ ನಿಯಮಗಳ ಮಾತಾಯಿತು. ನಿಯಮಗಳು ಎಲ್ಲಿ ನಿಲ್ಲುವುವೋ ಅಲ್ಲಿಂದ ನನ್ನ ಕಥೆ ಮೊದಲಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯೇ ಸೇರಿದ ಒಂದು ಸಣ್ಣ ಶಿಕ್ಷಣ ಸಮ್ಮೇಳನದಲ್ಲಿ ಗೋಷ್ಠಿಗಳನ್ನು ಜೋಡಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಪ್ರಬಂಧಗಳು 70ರ ಮೇಲಿದ್ದುವು. ಎರಡು ಸಂಜೆಗಳಲ್ಲಿ ಮುಗಿಸಿದೆ. ಶಿರೋನಾಮೆಗಳನ್ನು ನೋಡಿದೆ, ಒಂದೇ ಮಾತು ಬಂದವನ್ನು ಒಂದೆಡೆ ಇಟ್ಟೆ, ಪಟ್ಟಿ ಸೊಗಸಾಗಿಯೇ ಆಯಿತು. ಎಲ್ಲಿಯೂ ಹೊಂದದೆ ಮೂರು ಪ್ರಬಂಧಗಳು ಉಳಿದುವು. ಅವಕ್ಕೆ ‘ಇತರ ವಿಷಯಗಳು’ ಎಂದು ತಲೆಬರಹ ಬರೆದು, ಕಡೆಯ ದಿನದ ಕಡೆಯ ಗೋಷ್ಠಿಗೆ ಹಾಕಿದೆ. ಅಧ್ಯಕ್ಷತೆಗೆ ಯಾರೂ ಒಪ್ಪದಿದ್ದುದರಿಂದ ನಾನೇ ಕುಳಿತೆ.

ಆ ಮೂವರಲ್ಲಿ ಒಬ್ಬರು ಹಳ್ಳಿಯ ಶಾಲೆಯೊಂದರ ಉಪಾಧ್ಯಾಯಿನಿ. ಅವರ ಶಾಲೆಯಲ್ಲಿ ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದುವು. ದೊಡ್ಡ ಮಕ್ಕಳಿಗೆ ಪಾಠ ಹೇಳುತ್ತಿರುವಾಗ ಪಕ್ಕದಲ್ಲಿ ಬೇರೆ ಕೆಲಸ ಮಾಡುತ್ತಿದ್ದ ಚಿಕ್ಕ ಮಕ್ಕಳು ಕಿವಿಗೆ ಬಿದ್ದಷ್ಟರಿಂದಲೇ ಏನೇನು ಕಲಿತರೆಂಬುದನ್ನು ಅವರು ಎರಡು ವರ್ಷ ದಿನದಿನವೂ ಬರೆದಿಟ್ಟಿದ್ದರು. ಅದೇ ಅವರ ಪ್ರಬಂಧ. ಊಟ ಮುಗಿದಿತ್ತು, ದೂರದಿಂದ ಬಂದವರು ರೈಲಿಗೆ ಹೊರಟಿದ್ದರು. ಕೋಣೆಯಲ್ಲಿದ್ದವರು ಆ ಮೂವರು, ನಾನು, ಬಾಗಿಲಿಗೆ ಬೀಗ ಹಾಕಲು ಕಾದಿದ್ದ ಜವಾನ. ಮೊದಲು ಓದಿದವರು ತಮ್ಮದು ಮುಗಿದೊಡನೆ ಎದ್ದುಹೋದರು. ಆಕೆ 20 ನಿಮಿಷವೂ ನಿಂತು, ಸಭೆ ತುಂಬಿದ್ದರೆ ಹೇಗೋ ಹಾಗೆಯೇ ಓದಿದರು. ಯಾರೂ ಪ್ರಶ್ನೆ ಕೇಳಲಿಲ್ಲ. ನಾನು ಮರ್ಯಾದೆಗೆಂದು ಒಂದನ್ನು ಕೇಳಿದೆ. ಕಾಗದಗಳನ್ನು ಮಡಿಸಿಕೊಳ್ಳುತ್ತ ಆಕೆ, “ಸಾರ್, ನನ್ನದು ಯಾವ ವಿಷಯಕ್ಕೆ ಸೇರುತ್ತದೆ?” ಎಂದರು. ಆ ಮಾತಿನಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದಮೇಲೆ ಸಾರಲೇಖಗಳನ್ನೆಲ್ಲ ಮತ್ತೆ ತೆಗೆದು, ಈ ಸಲ ಮೊದಲಿಂದ ಕೊನೆಯವರೆಗೆ ಓದಿದೆ. ಒಂದರಲ್ಲಿ, ಪಾಠ ಹೇಳಿಸಿಕೊಳ್ಳದೆ ಬರಿಯ ಕೇಳ್ಮೆಯಿಂದ ಮಕ್ಕಳು ಎರಡನೆಯ ಭಾಷೆಯನ್ನು ಕಲಿಯುವ ವಿಚಾರವಿತ್ತು. ಇನ್ನೊಂದರಲ್ಲಿ, ಏಕೋಪಾಧ್ಯಾಯ ಶಾಲೆಗಳ ವೇಳಾಪಟ್ಟಿಯ ವಿಚಾರ. ಮತ್ತೊಂದರಲ್ಲಿ, ಗದ್ದಲದ ನಡುವೆ ಮಕ್ಕಳ ಗಮನ ನಿಲ್ಲುವ ಬಗೆ. ಮೂವರೂ ಮೊದಲ ದಿನ ಬೆಳಗ್ಗೆ ಮೂರು ಬೇರೆ ಬೇರೆ ಕೋಣೆಗಳಲ್ಲಿ ಮಾತನಾಡಿದ್ದರು. ಈ ನಾಲ್ವರನ್ನೂ ಒಂದೆಡೆ ಕೂರಿಸಿದ್ದರೆ ಆ ಸಮ್ಮೇಳನದ ಅತ್ಯುತ್ತಮ ಗೋಷ್ಠಿ ಅದೇ ಆಗುತ್ತಿತ್ತು. ಆಕೆಯ ವಿಷಯ ‘ಇತರ’ವಾಗಿರಲಿಲ್ಲ, ನನ್ನ ಓದು ಸಾಲದಾಗಿತ್ತು. ಆಮೇಲೆ ನಮ್ಮ ಯಾವ ಸಮ್ಮೇಳನಕ್ಕೂ ಆಕೆಯ ಪ್ರಬಂಧ ಬಂದದ್ದನ್ನು ನಾನು ಕಾಣೆ.

ಮದುವೆಯ ಮನೆಯಲ್ಲಿ ಪಂಕ್ತಿ ಕೂರಿಸುವ ಹಿರಿಯರನ್ನು ತಾವು ನೋಡಿದ್ದೀರಿ. ಎಲೆ ಬಡಿಸುವುದು ಯಾರಿಗೂ ಬರುತ್ತದೆ. ಯಾರ ಪಕ್ಕದಲ್ಲಿ ಯಾರು ಕುಳಿತರೆ ಮಾತು ಬೆಳೆಯುವುದೆಂದು ತಿಳಿಯಲು ಬಂದವರ ಪರಿಚಯ ಬೇಕು. ಸಂಚಾಲಕನ ಕೆಲಸವೂ ಅಂಥದೇ. ಶಿರೋನಾಮೆಯನ್ನು ಬಿಟ್ಟು ಪ್ರಬಂಧವು ಕೇಳುತ್ತಿರುವ ಪ್ರಶ್ನೆಯನ್ನು ಹುಡುಕಿ, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಾರಿಯಿಂದ ಕೇಳುವವರನ್ನು ಎದುರುಬದುರಾಗಿ ಕೂರಿಸುವುದು ಸಂಶೋಧನೆಯ ಒಂದು ಅಂಗವೇ ಹೊರತು ಅದರ ಹೊರಗಿನ ಸೇವೆಯಲ್ಲ.

ಬಳಗಗಳಿಂದ ಕೇಡೇ ಇಲ್ಲವೆಂದು ನಾನು ಹೇಳಲಾರೆ. ಬಳಗ ಬಲಿತರೆ ಗೋಡೆಯಾಗುತ್ತದೆ. ವರ್ಷ ವರ್ಷವೂ ಅದೇ ಜನ ಅದೇ ಕೋಣೆಯಲ್ಲಿ ಅದೇ ಮಾತನ್ನಾಡಿ ಸಂತೋಷಪಡುವ ಸಂಭವವುಂಟು. ಅಮೆರಿಕದ ಶಿಕ್ಷಣ ಸಂಶೋಧನ ಸಂಘದಲ್ಲಿ 12 ವಿಭಾಗಗಳೂ, ಅವಲ್ಲದೆ ನೂರೈವತ್ತರಷ್ಟು ವಿಶೇಷಾಸಕ್ತಿಯ ಕೂಟಗಳೂ ಇವೆ. ಅಷ್ಟೊಂದು ಬಾಗಿಲುಗಳಿರುವ ಮನೆಯಲ್ಲಿ ಪಕ್ಕದ ಕೋಣೆಯವರ ಗುರುತು ಸಿಕ್ಕುವುದೇ ಕಷ್ಟ. ಎರಡು ಬಳಗಗಳು ಕೂಡಿ ಜಂಟಿ ಗೋಷ್ಠಿ ನಡೆಸುವುದು, ಸಂಚಾಲಕರನ್ನು ಕಾಲಕಾಲಕ್ಕೆ ಬದಲಿಸುವುದು, ಇವೇ ಇದಕ್ಕೆ ಮದ್ದು.

ಇನ್ನೊಂದು ಸಂಗತಿ. 2020ರಲ್ಲಿ ಯೂರೋಪಿನ ಆ ಸಮ್ಮೇಳನ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಸೇರಬೇಕಾಗಿತ್ತು. ಕೊರೋನ ಮಹಾಮಾರಿಯ ದೆಸೆಯಿಂದ ಅದು ನಿಂತುಹೋಯಿತು. 2021ರಲ್ಲಿ ಜಿನೀವದವರು ಅದನ್ನು ಅಂತರ್ಜಾಲದ ಮೂಲಕವೇ ನಡೆಸಿದರು. ಗ್ಲಾಸ್ಗೊಗೆ ಅವಕಾಶ ಮತ್ತೆ ದೊರೆತದ್ದು 2023ರಲ್ಲಿ. ಯಂತ್ರದ ಮೂಲಕ ಸೇರಿದಾಗ ಪ್ರಯಾಣದ ವೆಚ್ಚವಿಲ್ಲ; ಬಡ ದೇಶದ ಸಂಶೋಧಕನಿಗೆ ಅದೊಂದು ದೊಡ್ಡ ಉಪಕಾರ. ಆದರೆ ಗೋಷ್ಠಿ ಮುಗಿದಮೇಲೆ ಹಜಾರದಲ್ಲಿ ನಿಂತು, “ನೀವು ಹೇಳಿದ್ದು ನನ್ನ ಶಾಲೆಯಲ್ಲಿಯೂ ಹಾಗೆಯೇ” ಎಂದು ಅಪರಿಚಿತನೊಬ್ಬನು ಹೇಳುವ ಆ ಒಂದು ಮಾತು ಅಲ್ಲಿ ಸುಲಭವಾಗಿ ದೊರೆಯದು. ಬಹುಮಂದಿ ಸಮ್ಮೇಳನಕ್ಕೆ ಬರುವುದು ಆ ಮಾತಿಗಾಗಿಯೇ.

ನಮ್ಮ ನಾಡಿನಲ್ಲಿ ವಿಶ್ವವಿದ್ಯಾನಿಲಯಗಳೂ ಉಪಾಧ್ಯಾಯರ ಶಿಕ್ಷಣ ಕಾಲೇಜುಗಳೂ ಬೇಕಾದಷ್ಟಿವೆ, ಸಮ್ಮೇಳನಗಳೂ ನಡೆಯುತ್ತವೆ. ಅವುಗಳನ್ನು ನಡೆಸುವ ಮಿತ್ರರಲ್ಲಿ ನನ್ನ ವಿಜ್ಞಾಪನೆ ಮೂರು. ವೇದಿಕೆಯ ಅಲಂಕಾರಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಸಾರಲೇಖಗಳನ್ನು ಪೂರ್ತಿ ಓದುವುದಕ್ಕೆ ಕೊಡಿ. ಸಮ್ಮೇಳನ ಮುಗಿದ ದಿನವೇ ಬಳಗವನ್ನು ಚೆದರಿಸದೆ, ಒಂದೊಂದು ಪ್ರಶ್ನೆಯ ಸುತ್ತ ಹತ್ತು ಮಂದಿಯಾದರೂ ವರ್ಷವೆಲ್ಲ ಪತ್ರ ಬರೆದುಕೊಂಡಿರುವಂತೆ ಮಾಡಿ. ಆ ಹತ್ತು ಮಂದಿಯಲ್ಲಿ ಇಬ್ಬರಾದರೂ ಶಾಲೆಯ ಉಪಾಧ್ಯಾಯರಿರಲಿ. ಮೂರನೆಯದಾಗಿ, ಕಾರ್ಯಕ್ರಮದ ಪಟ್ಟಿಯಲ್ಲಿ ‘ಇತರ ವಿಷಯಗಳು’ ಎಂಬ ತಲೆಬರಹ ಬರೆಯಲು ಕೈ ಹೋದಾಗ ಸ್ವಲ್ಪ ತಡೆದು, ಉಳಿದ ಆ ಎರಡು ಮೂರು ಪ್ರಬಂಧಗಳನ್ನು ಮತ್ತೊಮ್ಮೆ ಓದಿ.

ಆ ಉಪಾಧ್ಯಾಯಿನಿಯು ಎಲ್ಲಿದ್ದರೂ, ಈ ಮಾತು ಅವರ ಕಿವಿಗೆ ಬಿದ್ದರೆ, ಅಂದು ಕೊಡಲಾರದ ಉತ್ತರವನ್ನು ಈಗ ಕೊಡುತ್ತೇನೆ: ಅಮ್ಮಾ, ತಮ್ಮ ಪ್ರಬಂಧ ಸೇರಬೇಕಾಗಿದ್ದುದು ಮೊದಲ ದಿನದ ಮೊದಲ ಗೋಷ್ಠಿಗೆ.