ಸಾಲ ಅಪರಾಧವಲ್ಲ
(ಕಲಾದಗಿಯಲ್ಲಿ ರೈತರ ಮುಂದೆ ಆಡಿದ ಮಾತು)



ದಾಳಿಂಬೆ ರೇಟು ಬಿತ್ತು, ಸಾಲ ನಿಂತಿತು. ವಸೂಲಿಗೆ ಬಂದವರು ಕಟ್ಟಿ ಮ್ಯಾಲೆ ಕುಂತು ‘ಜೈಲಿಗೆ ಹಾಕಸ್ತೀವಿ’ ಅಂದರೆ ಮನೆಮಂದಿಯೆಲ್ಲ ನಡುಗುತ್ತಾರೆ. ಅಂಜಬ್ಯಾಡ್ರಿ. ಸಾಲ ತೀರಿಸಲಾಗದ್ದು ಅಪರಾಧವಲ್ಲ.

1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ಪಷ್ಟ ಮಾಡಿದರು: ಬಡತನದಿಂದ ಸಾಲ ಕೊಡಲಾಗದವನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಕೈಯಲ್ಲಿ ಹಣವಿದ್ದೂ ಕೊಡದೆ ಮೋಸ ಮಾಡಿದವನ ಮಾತು ಬೇರೆ. ಅದೇ ವರ್ಷ ಜುಲೈನಲ್ಲಿ ನಮ್ಮ ಪಕ್ಕದ ನರಗುಂದ, ನವಲಗುಂದದಲ್ಲಿ ನೀರಾವರಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ದಿಲ್ಲಿಯ ತೀರ್ಪು ಹಳ್ಳಿಗೆ ತಾನಾಗಿ ಬರೋದಿಲ್ಲ; ನಾವೇ ತರಬೇಕು.

ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಂ ನೆನಪಿಡ್ರಿ. ಕೋರ್ಟಿನ ಡಿಕ್ರಿ ಇದ್ದರೂ ಒಕ್ಕಲುತನಕ್ಕೆ ಬೇಕಾದ ಎತ್ತು, ರಂಟಿ-ಕುಂಟಿ, ಬಿತ್ತುವ ಬೀಜ, ರೈತ ವಾಸವಿರುವ ಮನೆ ಜಪ್ತಿ ಆಗುವಂತಿಲ್ಲ. ಆದರೆ ಅಡವು ಬರೆದುಕೊಟ್ಟ ಆಸ್ತಿಗೆ ಈ ರಕ್ಷಣೆ ಸಿಗದು. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರಂತೂ ಚೆಕ್ ಬೌನ್ಸಿನ ಫೌಜದಾರಿ ಕೇಸು ಕೊರಳಿಗೆ ಬೀಳತೈತಿ.

ಮನಿಗೆ ಬಂದವರನ್ನ ‘ಡಿಕ್ರಿ ಎಲ್ಲಿ? ವಾರಂಟ್ ಎಲ್ಲಿ? ತೋರಸ್ರಿ’ ಅಂತ ಕೇಳ್ರಿ. ಕಾಗದ ಇಲ್ಲದವರಿಗೆ ಹೊಸ್ತಿಲು ದಾಟೋ ಹಕ್ಕಿಲ್ಲ.